ನೈಟ್ ಮತ್ತು ಸಮುರಾಯ್: ಯುರೋಪು, ಜಪಾನುಗಳ ಊಳಿಗಮಾನ್ಯ ಪದ್ಧತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸಮುರಾಯ್ ಅಂದರೆ ಜಪಾನಿನ ನೈಟ್, ದೈಮ್ಯೊ ಅಂದರೆ ಅಲ್ಲಿನ ಬ್ಯಾರನ್. ಪಾಠಪುಸ್ತಕಗಳು ಈ ಒಂದು ಸಾಲಿನಲ್ಲಿ ಕೆಲಸ ಮುಗಿಸಿಬಿಡುತ್ತವೆ. ಹುಡುಗರ ಪ್ರಶ್ನೆಗಳು ಶುರುವಾಗುವುದೇ ಅಲ್ಲಿಂದ. ವರ್ಷ ವರ್ಷವೂ ತಿರುಗಿ ಬರುವ ಪ್ರಶ್ನೆಗಳನ್ನೂ ಅವಕ್ಕೆ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ನಾಲ್ಕೇ ಸಾಲು. ಪ್ರಶ್ನೆಯಲ್ಲಿ ಎಷ್ಟು ಸರಕಿದೆಯೋ ಅಷ್ಟು.

ಊಳಿಗಮಾನ್ಯ ಅಂದರೆ ನಿಜವಾಗಿ ಏನು?

ಪದ ಬಿಡಿಸಿದರೆ ಅರ್ಧ ಉತ್ತರ ಸಿಕ್ಕಿತು. ಊಳಿಗ ಅಂದರೆ ಸೇವೆ, ಚಾಕರಿ. ಮಾನ್ಯ ಅಂದರೆ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಜಮೀನು, ಉಂಬಳಿ. ಮಾಡಿದ ಊಳಿಗಕ್ಕೆ ಮಾನ್ಯ. ಈ ಕನ್ನಡ ಪದ ಕಟ್ಟಿದವರು ಯಾರೋ, ವಿಷಯವನ್ನು ಚೆನ್ನಾಗಿ ತಿಳಿದವರು. ‘ಫ್ಯೂಡಲ್’ ಪದದ ಹಿಂದಿರುವ ಲ್ಯಾಟಿನ್ನಿನ ‘ಫ್ಯೂಡಂ’ ಅಂದರೂ ಆ ಉಂಬಳಿಯೇ. ಜಪಾನೀಯರ ‘ಹೋಕೆನ್’ ಚೀನಾದಿಂದ ಬಂದ ಪದ. ನಾಡನ್ನು ಪಾಲು ಮಾಡಿ ಒಡೆಯರನ್ನು ಕೂರಿಸುವುದು ಎಂಬರ್ಥ ಅದಕ್ಕೆ.

ಇನ್ನರ್ಧ ಉತ್ತರ ಹಣದ್ದು. ಕುದುರೆ ಸಾಕಬೇಕು, ಕವಚ ಮಾಡಿಸಬೇಕು, ಚಿಕ್ಕಂದಿನಿಂದ ಸಾಧನೆ ಮಾಡಬೇಕು. ಅಂಥ ಸವಾರನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಅರಸನ ಬೊಕ್ಕಸದಲ್ಲಿ ನಾಣ್ಯವಿಲ್ಲ. ಇರುವುದು ನೆಲ ಮಾತ್ರ. ಆ ನೆಲವನ್ನು ಅದರ ಒಕ್ಕಲಿನ ಸಮೇತ ಒಪ್ಪಿಸಿಬಿಡುತ್ತಾನೆ. ಸುಗ್ಗಿಯ ಪಾಲು ಎತ್ತುವ ಹಕ್ಕು, ಜಗಳ ತೀರ್ಮಾನ ಮಾಡುವ ಅಧಿಕಾರ ಎರಡೂ ನೆಲದ ಜೊತೆಗೇ ಹೋಗುತ್ತವೆ. ಯುದ್ಧ ಬಂದಾಗ ಕರೆದರೆ ಬರಬೇಕು, ಅಷ್ಟೇ ಕರಾರು.

ಇಷ್ಟು ದೂರದ ಎರಡು ನಾಡುಗಳಲ್ಲಿ ಒಂದೇ ಬಗೆಯ ಪದ್ಧತಿ ಹೇಗೆ? ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರೇ?

ಇಲ್ಲ. ಪೋರ್ಚುಗೀಸರು ಜಪಾನಿನ ತನೆಗಶಿಮಾ ದ್ವೀಪಕ್ಕೆ ಕಾಲಿಟ್ಟದ್ದು 1543ರಲ್ಲಿ. ಅಷ್ಟರಲ್ಲಿ ಯುರೋಪಿನ ಊಳಿಗಮಾನ್ಯಕ್ಕೆ ಮುಪ್ಪು ಬಂದಿತ್ತು, ಜಪಾನಿನದಕ್ಕೂ ಮೂರೂವರೆ ಶತಮಾನದ ವಯಸ್ಸಾಗಿತ್ತು.

ಎರಡು ಕಡೆಯೂ ಕೈಗೆ ನಿಲುಕದಷ್ಟು ದೊಡ್ಡ ರಾಜ್ಯ ಕಟ್ಟುವ ಪ್ರಯತ್ನ ನಡೆದು, ಕೈಕೊಟ್ಟಿತ್ತು. ಯುರೋಪಿನಲ್ಲಿ ಶಾರ್ಲಮೇನ್ 800ರಲ್ಲಿ ಚಕ್ರವರ್ತಿಯಾದ. ಅವನ ಮೊಮ್ಮಕ್ಕಳು 843ರಲ್ಲಿ ವೆರ್ಡನ್ನಿನಲ್ಲಿ ಕೂತು ಸಾಮ್ರಾಜ್ಯವನ್ನು ಮೂರು ಪಾಲು ಮಾಡಿಕೊಂಡರು. ಆಮೇಲೆ ಉತ್ತರದಿಂದ ವೈಕಿಂಗರು, ಪೂರ್ವದಿಂದ ಮಗ್ಯಾರರು, ದಕ್ಷಿಣದ ಕಡಲಿಂದ ಅರಬರು ನುಗ್ಗಿದರು. ಅರಸನ ಸೈನ್ಯ ಬರುವಷ್ಟರಲ್ಲಿ ಹಳ್ಳಿ ಸುಟ್ಟು ಬೂದಿ. ಪಕ್ಕದ ಕೋಟೆಯಲ್ಲಿರುವವನೇ ಕಾಪಾಡಬೇಕು, ಕಾಪಾಡಿದವನೇ ಒಡೆಯ.

ಜಪಾನಿನಲ್ಲಿ ಹೊರಗಿನ ಹೊಡೆತ ಬೀಳಲಿಲ್ಲ, ಒಳಗಿನಿಂದಲೇ ನಿಧಾನವಾಗಿ ಗೆದ್ದಲು ಹಿಡಿಯಿತು. 645ರ ನಂತರ ಚೀನಾದ ತಾಂಗ್ ಮಾದರಿಯಲ್ಲಿ ಎಲ್ಲ ಗದ್ದೆಯೂ ಸರ್ಕಾರದ್ದು, ತಲೆಗಿಷ್ಟು ಅಂತ ಹಂಚಿಕೆ, ಕಡ್ಡಾಯ ಸೈನಿಕ ಸೇವೆ ಎಂಬ ಏರ್ಪಾಡು ಬಂತು. ಕಾಗದದ ಮೇಲೆ ಸೊಗಸಾಗಿತ್ತು. 792ರಲ್ಲಿ ಬಹುತೇಕ ಪ್ರಾಂತ್ಯಗಳಲ್ಲಿ ಆ ಕಡ್ಡಾಯ ಸೈನ್ಯವನ್ನೇ ಕೈಬಿಟ್ಟರು. ದೇವಸ್ಥಾನಗಳು, ರಾಜಧಾನಿಯ ದೊಡ್ಡ ಮನೆತನಗಳು ತೆರಿಗೆಯಿಲ್ಲದ ‘ಶೋಎನ್’ ಎಂಬ ಎಸ್ಟೇಟುಗಳನ್ನು ಮಾಡಿಕೊಂಡವು. ಅವನ್ನು ಕಾಯಲು, ಸುಗ್ಗಿಯ ಅಕ್ಕಿ ರಾಜಧಾನಿ ಕ್ಯೋಟೊಗೆ ತಲುಪಿಸಲು ಊರೂರಲ್ಲಿ ಬಿಲ್ಲು ಕುದುರೆ ಬಲ್ಲ ಮನೆತನಗಳು ಬೇಕಾದವು. ಕಾವಲಿಗೆ ಬಂದವರೇ ಒಂದು ದಿನ ಮನೆಯ ಯಜಮಾನರಾದರು.

ಹೋಲಿಸುವಾಗ ಯಾವ ಶತಮಾನವನ್ನು ಯಾವುದರ ಪಕ್ಕ ಇಡಬೇಕು?

ಬಹುತೇಕ ಗೊಂದಲ ಹುಟ್ಟುವುದೇ ಇಲ್ಲಿ. ನಮ್ಮ ತಲೆಯಲ್ಲಿರುವ ಸಮುರಾಯ್, ಅಂದರೆ ಸೊಂಟದಲ್ಲಿ ಎರಡು ಕತ್ತಿ, ಒಡೆಯನಿಗಾಗಿ ಹೊಟ್ಟೆ ಬಗೆದುಕೊಳ್ಳಲು ಸದಾ ತಯಾರು, ಇವನು 1603ರ ನಂತರ ತೊಕುಗವಾ ಮನೆತನ ಆಳಿದ ಕಾಲದವನು. ಅವನನ್ನು ತಂದು 12ನೇ ಶತಮಾನದ ಫ್ರೆಂಚ್ ನೈಟ್ ಪಕ್ಕ ನಿಲ್ಲಿಸುವುದು ಪೇಶ್ವೆಗಳ ಕಾಲದ ಸರದಾರನನ್ನು ಹೊಯ್ಸಳರ ದಂಡನಾಯಕನ ಪಕ್ಕ ನಿಲ್ಲಿಸಿದ ಹಾಗೆ.

ಜಪಾನಿನಲ್ಲಿ ಹೋಲಿಕೆಗೆ ಯೋಗ್ಯವಾದ ಕಾಲ 1185ರಿಂದ 1600ರವರೆಗಿನದು. 1185ರಲ್ಲಿ ದನ್‌ನೊಉರಾ ಕಡಲ ಕಾಳಗದಲ್ಲಿ ತೈರಾ ಮನೆತನ ಮುಳುಗಿತು, ಮಿನಮೊತೊ ಗೆದ್ದಿತು. ಮಿನಮೊತೊ ಯೊರಿತೊಮೊ 1192ರಲ್ಲಿ ಶೋಗುನ್, ಅಂದರೆ ಯೋಧರ ಸರ್ಕಾರದ ಮುಖ್ಯಸ್ಥ, ಆದ. ಕಮಕುರಾ ಪಟ್ಟಣದಲ್ಲಿ ಕೂತು ತನ್ನ ಕಡೆಯವರನ್ನು ‘ಜಿತೊ’ಗಳನ್ನಾಗಿ, ಅಂದರೆ ಎಸ್ಟೇಟುಗಳ ಮೇಲಿನ ಅಧಿಕಾರಿಗಳನ್ನಾಗಿ, ಊರೂರಿಗೆ ಕಳಿಸಿದ. 1467ರ ಓನಿನ್ ಯುದ್ಧದ ನಂತರ ಮೇಲಿನವರ ಹಿಡಿತ ತಪ್ಪಿ ದೈಮ್ಯೊಗಳು ತಮ್ಮ ತಮ್ಮ ನಾಡಿಗೆ ತಾವೇ ದೊರೆಗಳಾದರು. ಯುರೋಪಿನಲ್ಲಿ ಇದಕ್ಕೆ ಜೋಡಿ 10ರಿಂದ 13ನೇ ಶತಮಾನ. ಹಾಗೆ ಇಟ್ಟು ನೋಡಿದರೆ ಕೆಳಗಿನ ಪ್ರಶ್ನೆಗಳ ಬಣ್ಣವೇ ಬದಲಾಗುತ್ತದೆ.

ಒಡೆಯ ಮತ್ತು ಸಾಮಂತನ ಸಂಬಂಧ ಹೇಗೆ ಕುದುರುತ್ತಿತ್ತು?

ಯುರೋಪಿನಲ್ಲಿ ಅದಕ್ಕೊಂದು ಶಾಸ್ತ್ರವಿತ್ತು. 1127ರಲ್ಲಿ ಫ್ಲಾಂಡರ್ಸಿನ ಹೊಸ ಕೌಂಟ್, ಅಂದರೆ ಆ ನಾಡಿನ ಒಡೆಯ, ವಿಲಿಯಂ ಕ್ಲಿಟೊಗೆ ಸಾಮಂತರು ಒಪ್ಪಿಸಿಕೊಂಡದ್ದನ್ನು ಬ್ರೂಜಿನ ಗಾಲ್ಬರ್ಟ್ ಎಂಬವನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಪೂರ್ತಿಯಾಗಿ ನನ್ನ ಆಳಾಗಲು ಒಪ್ಪುವೆಯಾ ಎಂದು ಕೌಂಟ್ ಕೇಳಿದ. ಒಪ್ಪುತ್ತೇನೆ ಎಂದ ಬಂದವನು. ಕೈ ಮುಗಿದ, ಮುಗಿದ ಕೈಗಳನ್ನು ಕೌಂಟ್ ತನ್ನ ಎರಡು ಕೈಗಳಲ್ಲಿ ಮುಚ್ಚಿ ಹಿಡಿದ. ಆಮೇಲೆ ಮುತ್ತು. ಆಮೇಲೆ ಸಂತರ ಅವಶೇಷಗಳ ಮೇಲೆ ಕೈಯಿಟ್ಟು ಆಣೆ. ಕೊನೆಗೆ ಕೌಂಟ್ ಕೈಯಲ್ಲೊಂದು ಕೋಲು ಹಿಡಿದು ಅವರವರ ಉಂಬಳಿಯನ್ನು ವಹಿಸಿಕೊಟ್ಟ.

ಕಮಕುರಾದಲ್ಲಿ ಇಷ್ಟು ಸಡಗರವಿಲ್ಲ. ಯೋಧ ಬಂದು ಯೊರಿತೊಮೊನ ಮುಂದೆ ದರ್ಶನಕ್ಕೆ ಕೂತರೆ ಮುಗಿಯಿತು, ಅವನು ‘ಗೊಕೆನಿನ್’, ಶೋಗುನನ ಮನೆಯವ. ಅಸಲು ತೂಕ ಇದ್ದದ್ದು ನಂತರ ಸಿಗುವ ಕಾಗದಕ್ಕೆ: ನಿನ್ನ ತಾತನ ಕಾಲದ ಜಮೀನು ನಿನ್ನದೇ ಎಂದು ಖಾತ್ರಿಪಡಿಸುವ, ಅಥವಾ ಇಂಥ ಊರಿಗೆ ಜಿತೊ ಎಂದು ನೇಮಿಸುವ ಪತ್ರ. ಯುರೋಪಿನವನ ಸಾಕ್ಷಿ ಮುಟ್ಟಿದ ಕೈಗಳು, ಜಪಾನಿನವನ ಸಾಕ್ಷಿ ಪೆಟ್ಟಿಗೆಯಲ್ಲಿರುವ ಪತ್ರ. ಅಲ್ಲಿನ ಮನೆತನಗಳು ಆ ಪತ್ರಗಳನ್ನು ತಲೆಮಾರುಗಟ್ಟಲೆ ಕಾಪಾಡಿದವು. ಸತ್ಸುಮಾದ ಇರಿಕಿ ಮನೆತನದ ಅಂಥ ಕಟ್ಟನ್ನು ಯೇಲ್ ವಿಶ್ವವಿದ್ಯಾಲಯದ ಅಸಕವಾ ಕನಿಚಿ 1929ರಲ್ಲಿ ಇಂಗ್ಲಿಷಿಗೆ ತಂದ ಮೇಲೆಯೇ ಪಶ್ಚಿಮದ ಇತಿಹಾಸಕಾರರಿಗೆ ಹೋಲಿಕೆಗೆ ಗಟ್ಟಿ ಆಧಾರ ಸಿಕ್ಕಿದ್ದು.

ಯುರೋಪಿನಲ್ಲಿ ಒಪ್ಪಂದ, ಜಪಾನಿನಲ್ಲಿ ಪ್ರಶ್ನಾತೀತ ನಿಷ್ಠೆ ಅನ್ನುತ್ತಾರಲ್ಲ, ನಿಜವೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ ಈ ವ್ಯತ್ಯಾಸವನ್ನು ಒತ್ತಿ ಹೇಳಿದ್ದರಿಂದ ಅದಕ್ಕೆ ದೊಡ್ಡ ಹೆಸರಿನ ಬಲವೂ ಇದೆ. ಅರ್ಧ ನಿಜ ಅನ್ನುವುದು ನನ್ನ ಅಭಿಪ್ರಾಯ.

ಯುರೋಪಿನ ಅರ್ಧ ಗಟ್ಟಿಯಾಗಿದೆ. ಸಾಮಂತನ ಕರ್ತವ್ಯಗಳೇನು ಎಂದು 1020ರ ಸುಮಾರಿಗೆ ಅಕ್ವಿಟೇನಿನ ಡ್ಯೂಕ್ ಕೇಳಿದಾಗ ಶಾರ್ತ್ರಿನ ಬಿಷಪ್ ಫುಲ್ಬರ್ಟ್ ಆರು ಅಂಶ ಪಟ್ಟಿ ಮಾಡಿ, ಒಡೆಯನೂ ಇದೇ ರೀತಿ ನಡೆದುಕೊಳ್ಳಬೇಕು ಎಂದು ಸೇರಿಸಿದ. ಮೇಲೆ ಹೇಳಿದ ವಿಲಿಯಂ ಕ್ಲಿಟೊನ ಕತೆಯೇ ನೋಡಿ. ಕೈ ಹಿಡಿದು ಒಂದು ವರ್ಷ ಕಳೆಯುವಷ್ಟರಲ್ಲಿ, ನೀನು ಮಾತು ಮುರಿದೆ, ಇನ್ನು ನಮಗೂ ನಿನಗೂ ಋಣ ಹರಿಯಿತು ಎಂದು ಅವನ ಸಾಮಂತರೂ ಪಟ್ಟಣಿಗರೂ ತಿರುಗಿಬಿದ್ದರು. 1128ರಲ್ಲಿ ಆಲ್ಸ್ಟ್ ಕೋಟೆಯ ಮುತ್ತಿಗೆಯಲ್ಲಿ ಗಾಯಗೊಂಡು ಸತ್ತ. ಋಣ ಹರಿದುಕೊಳ್ಳುವುದಕ್ಕೂ ಅಲ್ಲಿ ಶಾಸ್ತ್ರವಿತ್ತು: ಒಂದು ಹುಲ್ಲುಕಡ್ಡಿಯನ್ನು ನೆಲಕ್ಕೆ ಎಸೆಯುವುದು. ಇದೇ ಬುದ್ಧಿ ಬೆಳೆದು 1215ರಲ್ಲಿ ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟಾ ಆಯಿತು. ಅರಸ ಕರಾರು ಮುರಿದರೆ 25 ಬ್ಯಾರನ್‌ಗಳು ಅವನ ಕೋಟೆ, ಜಮೀನು ಜಪ್ತಿ ಮಾಡಬಹುದು ಎಂದು ಅರಸನ ಮುದ್ರೆ ಬಿದ್ದ ಪತ್ರದಲ್ಲೇ ಬರೆದಿತ್ತು. ಪೋಪ್ ಅದನ್ನು ಎರಡೇ ತಿಂಗಳಲ್ಲಿ ರದ್ದು ಮಾಡಿದ, ಆ ಮಾತು ಬೇರೆ.

ಈಗ ಜಪಾನಿಗೆ ಬನ್ನಿ. ತಕೆಜಾಕಿ ಸುಎನಗಾ ಎಂಬ ಗೊಕೆನಿನ್, ಕ್ಯೂಶು ದ್ವೀಪದ ಹಿಗೊ ಪ್ರಾಂತ್ಯದವನು. 1274ರಲ್ಲಿ ಮಂಗೋಲರು ಹಕಾತಾ ಕೊಲ್ಲಿಗೆ ಬಂದಿಳಿದಾಗ ಬೆರಳೆಣಿಕೆಯ ಸವಾರರ ಜೊತೆ ಮುನ್ನುಗ್ಗಿ ಗಾಯಗೊಂಡ. ಇನಾಮು ಬರಲಿಲ್ಲ. ಕಾದ, ಬರಲಿಲ್ಲ. ಮಾರನೆಯ ವರ್ಷ ಕುದುರೆ, ಜೀನು ಮಾರಿ ದಾರಿಖರ್ಚು ಹೊಂದಿಸಿಕೊಂಡು ಕಮಕುರಾಕ್ಕೆ ಹೊರಟ. ಎರಡು ತಿಂಗಳ ಪಯಣ. ಕೊನೆಗೂ ಇನಾಮಿನ ಅಧಿಕಾರಿ ಅದಚಿ ಯಸುಮೊರಿಯ ಎದುರು ಕೂತ. ಶತ್ರುವಿನ ತಲೆ ತಂದೆಯಾ, ನಿನ್ನ ಕಡೆಯವರು ಸತ್ತರಾ ಎಂದು ಅಧಿಕಾರಿ ಕೇಳಿದ. ಇಲ್ಲ, ಗಾಯ ಮಾತ್ರ. ಹಾಗಾದರೆ ಇಷ್ಟಕ್ಕೆ ಏನು ಕೇಳುತ್ತೀಯ? ಎಲ್ಲರಿಗಿಂತ ಮೊದಲು ನುಗ್ಗಿದವನು ನಾನು, ಅದು ಲೆಕ್ಕಕ್ಕೆ ಬರಬೇಕು, ಸುಳ್ಳಾದರೆ ನನ್ನ ತಲೆ ತೆಗೆಯಿರಿ ಎಂದು ಪಟ್ಟು ಹಿಡಿದ. ಜಿತೊ ಹುದ್ದೆಯ ಪತ್ರ, ಜೊತೆಗೊಂದು ಕುದುರೆ ಗಿಟ್ಟಿಸಿಕೊಂಡೇ ಊರಿಗೆ ಮರಳಿದ. ಮುಂದೆ ಈ ಇಡೀ ಪ್ರಸಂಗವನ್ನು, ಕಚೇರಿಯಲ್ಲಿ ವಾದಿಸಿದ ದೃಶ್ಯವನ್ನೂ ಬಿಡದೆ, ಸುರುಳಿಚಿತ್ರವಾಗಿ ಬರೆಸಿದ. ಮಂಗೋಲ್ ಯುದ್ಧದ ಬಗ್ಗೆ ಇವತ್ತು ನಾವು ನೋಡುವ ಪ್ರಸಿದ್ಧ ಚಿತ್ರಗಳು ಅವೇ.

ಪ್ರಶ್ನಾತೀತ ನಿಷ್ಠೆ ಇದೇನು? ಇದು ಬಾಕಿ ವಸೂಲಿ. ಕಮಕುರಾ ಸರ್ಕಾರಕ್ಕೂ ಅದು ಗೊತ್ತಿತ್ತು. 1232ರಲ್ಲಿ ಶೋಗುನನ ಹೆಸರಲ್ಲಿ ಆಡಳಿತ ನಡೆಸುತ್ತಿದ್ದ ಹೋಜೊ ಯಸುತೊಕಿ ಮಾಡಿಸಿದ 51 ವಿಧಿಗಳ ಕಟ್ಟಳೆಯಲ್ಲಿ ಜಮೀನಿನ ತಕರಾರೇ ಮುಖ್ಯ. 20 ವರ್ಷ ಅನುಭೋಗದಲ್ಲಿದ್ದ ಜಮೀನನ್ನು ಕಿತ್ತುಕೊಳ್ಳುವಂತಿಲ್ಲ ಎಂಬ ನಿಯಮವೂ ಅದರಲ್ಲಿದೆ. ವಾದಿ ಪ್ರತಿವಾದಿಗಳು ಮೂರು ಸುತ್ತು ಲಿಖಿತ ವಾದ ಸಲ್ಲಿಸುತ್ತಿದ್ದರು. ಆದರೆ ಮಂಗೋಲರನ್ನು ಓಡಿಸಿದ್ದರಿಂದ ಹಂಚಲು ಹೊಸ ಜಮೀನೇ ಸಿಗಲಿಲ್ಲ. ಸಿಟ್ಟು ಒಳಗೇ ಕುದಿಯಿತು. 1333ರಲ್ಲಿ ಸರ್ಕಾರ ಕಳಿಸಿದ ಸೇನಾನಿ ಅಶಿಕಗಾ ತಕಉಜಿಯೇ ಪಕ್ಷ ಬದಲಿಸಿದ, ಕಮಕುರಾ ಉರುಳಿತು. ಬಲಾಢ್ಯ ದೈಮ್ಯೊ ಒಡಾ ನೊಬುನಗಾನನ್ನು 1582ರಲ್ಲಿ ಮುಗಿಸಿದವನು ಅವನ ಸೇನಾನಿ ಅಕೆಚಿ ಮಿತ್ಸುಹಿದೆ. ತೊಕುಗವಾ ಮನೆತನವನ್ನು ಮೇಲಕ್ಕೆ ತಂದ 1600ರ ಸೆಕಿಗಹರಾ ಕಾಳಗದ ಫಲಿತಾಂಶ ತಿರುಗಿದ್ದು ಕೊಬಯಕವಾ ಹಿದೆಅಕಿ ನಡುಮಧ್ಯಾಹ್ನ ಎದುರು ಪಕ್ಷಕ್ಕೆ ಹಾರಿದ್ದರಿಂದ. ಹಲವು ಬಾರಿ ಒಡೆಯರನ್ನು ಬದಲಿಸಿದ ತೋದೊ ತಕತೊರಾ ಕೊನೆಗೆ ದೊಡ್ಡ ದೈಮ್ಯೊ ಆಗಿ ಸುಖವಾಗಿ ತೀರಿಕೊಂಡ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಯುರೋಪಿನ ಸಾಮಂತ ಒಡೆಯನ ಮೇಲೇ ದೂರು ಕೊಡಬಲ್ಲ, ಒಡೆಯನ ಸಭೆಯಲ್ಲಿ ಅವನ ಸಮಾನರು ಕೂತು ತೀರ್ಪು ಹೇಳುತ್ತಾರೆ. ಜಪಾನಿನವನು ತನ್ನಂಥ ಇನ್ನೊಬ್ಬನ ಮೇಲೆ ದಾವೆ ಹಾಕಬಲ್ಲ, ಶೋಗುನನ ಮೇಲೆ ಹಾಕಲಾರ. ಕೇಳುವುದು ಇನಾಮು, ಕೊಡದಿದ್ದರೆ ಸಹಿಸಿಕೊಳ್ಳಬೇಕು, ಇಲ್ಲವೇ ದಂಗೆ ಏಳಬೇಕು. ನಡುವೆ ಹುಲ್ಲುಕಡ್ಡಿಯ ದಾರಿ ಇರಲಿಲ್ಲ.

ಒಬ್ಬನಿಗೆ ಇಬ್ಬರು ಒಡೆಯರಿರಬಹುದೇ?

ಯುರೋಪಿನಲ್ಲಿ ಧಾರಾಳವಾಗಿ. ಮದುವೆ, ಆಸ್ತಿ ಹಂಚಿಕೆಗಳಿಂದ ಒಬ್ಬ ನೈಟ್‌ಗೆ ಮೂರು ನಾಲ್ಕು ಕಡೆ ಉಂಬಳಿ, ಅಷ್ಟೇ ಜನ ಒಡೆಯರು. ಅವರವರಲ್ಲೇ ಯುದ್ಧವಾದರೆ? ಅದಕ್ಕೆ ‘ಲೀಜ್’ ಒಡೆಯ ಎಂಬ ಉಪಾಯ ಹೂಡಿದರು, ಎಲ್ಲರಿಗಿಂತ ಇವನ ಕರೆ ಮೊದಲು ಅಂತ. ಸ್ವಲ್ಪ ಕಾಲದಲ್ಲಿ ಒಬ್ಬನಿಗೆ ಇಬ್ಬರು ಲೀಜ್ ಒಡೆಯರಾದರು! ಜಪಾನಿನಲ್ಲಿ ಒಬ್ಬ ಒಡೆಯ ಎಂಬುದು ಹೆಚ್ಚು ಗಟ್ಟಿ. ಬದಲಿಸಬಹುದು, ಇಬ್ಬರನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಅಪರೂಪ.

ಪಾಠಪುಸ್ತಕದ ಪಿರಮಿಡ್ ಚಿತ್ರ ಸರಿಯೇ?

ಮೇಲೆ ಅರಸ, ಕೆಳಗೆ ಬ್ಯಾರನ್, ಅದರ ಕೆಳಗೆ ನೈಟ್, ತಳದಲ್ಲಿ ರೈತ. 1066ರಲ್ಲಿ ನಾರ್ಮಂಡಿಯ ವಿಲಿಯಂ ಗೆದ್ದು ಹೊಸದಾಗಿ ಹಂಚಿದ ಇಂಗ್ಲೆಂಡಿಗೆ ಸುಮಾರಾಗಿ ಹೊಂದುತ್ತದೆ. ಉಳಿದ ಕಡೆ ಹಳೆಯ ಮೀನುಬಲೆಯ ಹಾಗೆ, ಗಂಟುಗಳು ಎಲ್ಲೆಲ್ಲೋ. ಜಪಾನಿಗೆ ಪಿರಮಿಡ್ ಬರೆದರೆ ಚಕ್ರವರ್ತಿಯನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಕೈ ನಿಲ್ಲುತ್ತದೆ.

ಹೌದು, ಆ ಚಕ್ರವರ್ತಿ ಏನು ಮಾಡುತ್ತಿದ್ದ? ಅವನು ಪೋಪ್ ಇದ್ದ ಹಾಗೆಯೇ?

ಒಂದು ವಿಷಯದಲ್ಲಿ ಮಾತ್ರ: ಅಧಿಕಾರಕ್ಕೆ ಮುದ್ರೆ ಒತ್ತುವವನು ಅವನು. ಶೋಗುನ್ ಎಂಬ ಬಿರುದು ಬರುವುದು ಕ್ಯೋಟೊದಿಂದಲೇ. ಆದರೆ ಪೋಪನಿಗಿದ್ದ ಹಿಡಿತ ಅವನಿಗಿರಲಿಲ್ಲ. 1077ರಲ್ಲಿ ಜರ್ಮನಿಯ ಅರಸ ನಾಲ್ಕನೆಯ ಹೆನ್ರಿ ಪೋಪ್ ಏಳನೆಯ ಗ್ರೆಗರಿಯ ಕ್ಷಮೆಗಾಗಿ ಕನೊಸ್ಸಾ ಕೋಟೆಯ ಹೊರಗೆ ಹಿಮದಲ್ಲಿ ಮೂರು ದಿನ ಕಾದ. 1221ರಲ್ಲಿ ನಿವೃತ್ತ ಚಕ್ರವರ್ತಿ ಗೊ-ತೊಬಾ ಕಮಕುರಾದ ಮೇಲೆ ಸಮರ ಸಾರಿದ. ಒಂದೇ ತಿಂಗಳಲ್ಲಿ ಸೋತು ಓಕಿ ದ್ವೀಪಕ್ಕೆ ಗಡಿಪಾರಾಗಿ ಅಲ್ಲೇ ತೀರಿಕೊಂಡ. ಅವನ ಕಡೆಯವರಿಂದ ಕಸಿದ ಮೂರು ಸಾವಿರದಷ್ಟು ಎಸ್ಟೇಟುಗಳಿಗೆ ಕಮಕುರಾದ ಹೊಸ ಜಿತೊಗಳು ಹೋದರು. ಆದರೂ ಸಿಂಹಾಸನವನ್ನು ಯಾರೂ ಮುಟ್ಟಲಿಲ್ಲ. ಗೆದ್ದವರೂ ಅದೇ ವಂಶದ ಇನ್ನೊಬ್ಬನನ್ನು ಕೂರಿಸಿದರು.

ಯುರೋಪಿನಲ್ಲಿ ಅರಸ ಸ್ವತಃ ಊಳಿಗಮಾನ್ಯದ ಒಳಗಿನವನು, ಎಲ್ಲ ಒಡೆಯರ ಒಡೆಯ. ಜಪಾನಿನ ಚಕ್ರವರ್ತಿ ಅದರ ಹೊರಗೆ ನಿಂತವನು. 1868ರಲ್ಲಿ ಶೋಗುನ್ ಆಳ್ವಿಕೆ ಮುಗಿಸಿ ಹಳೆಯದನ್ನೆಲ್ಲ ಕಿತ್ತುಹಾಕಲು ಅವನ ಹೆಸರೇ ಕೈಗೆ ಸಿಕ್ಕಿದ್ದು ಈ ಕಾರಣಕ್ಕೆ.

ಜಮೀನಿನ ಲೆಕ್ಕ ಎರಡೂ ಕಡೆ ಒಂದೇ ಥರವೇ?

ಇಲ್ಲ, ಬಹಳ ಬೇರೆ. ಯುರೋಪಿನ ಮ್ಯಾನರ್‌ನಲ್ಲಿ, ಅಂದರೆ ಒಡೆಯನ ಎಸ್ಟೇಟಿನಲ್ಲಿ, ಅವನ ಸ್ವಂತ ಸಾಗುವಳಿಯ ಹೊಲ ಇರುತ್ತಿತ್ತು. ರೈತ ವಾರಕ್ಕೆ ಎರಡು ಮೂರು ದಿನ ಅಲ್ಲಿ ಬಿಟ್ಟಿ ಚಾಕರಿ ಮಾಡಿ, ಉಳಿದ ದಿನ ತನ್ನ ಪಟ್ಟಿ ಉಳಬೇಕು. ಹಿಟ್ಟು ಬೀಸಲು ಒಡೆಯನ ಗಿರಣಿ, ರೊಟ್ಟಿ ಸುಡಲು ಒಡೆಯನ ಒಲೆ, ಎರಡಕ್ಕೂ ಶುಲ್ಕ. ಗೋಧಿ, ಬಾರ್ಲಿಗೆ ಅದು ನಡೆಯುತ್ತದೆ.

ಭತ್ತಕ್ಕೆ ನಡೆಯುವುದಿಲ್ಲ. ಮಡಿ ಮಾಡಿ, ನಾಟಿ ಹಾಕಿ, ನೀರು ಕಟ್ಟಿ, ಕಳೆ ಕಿತ್ತವರಿಗೆ ಗೊತ್ತು, ಬಿಟ್ಟಿ ಆಳಿನ ಕೈಯಲ್ಲಿ ಗದ್ದೆ ಏಳುವುದಿಲ್ಲ. ಆದ್ದರಿಂದ ಜಪಾನಿನ ಒಡೆಯರು ಸಾಗುವಳಿಗೆ ಕೈಹಾಕದೆ ಫಸಲಿನ ಪಾಲಿಗೆ ಕೈಚಾಚಿದರು. ಒಂದೇ ಗದ್ದೆಯ ಮೇಲೆ ಕ್ಯೋಟೊದ ಶ್ರೀಮಂತನಿಗೊಂದು, ದೇವಸ್ಥಾನಕ್ಕೊಂದು, ವ್ಯವಸ್ಥಾಪಕನಿಗೊಂದು, ಜಿತೊಗೊಂದು ಎಂದು ‘ಶಿಕಿ’ ಎಂಬ ಹಕ್ಕುಗಳ ಪದರ. ಆ ಹಕ್ಕನ್ನು ಮಗಳಿಗೆ ಬರೆದುಕೊಡಬಹುದು, ತುಂಡು ಮಾಡಿ ಹಂಚಬಹುದು. ನೆಲಕ್ಕಿಂತ ಅದರ ಆದಾಯವೇ ಆಸ್ತಿ.

16ನೇ ಶತಮಾನದ ಕೊನೆಗೆ ಜಪಾನನ್ನು ಒಗ್ಗೂಡಿಸಿದ ಟೊಯೊಟೊಮಿ ಹಿದೆಯೊಶಿ ಈ ಪದರಗಳನ್ನೆಲ್ಲ ಕಿತ್ತು, ಹಳ್ಳಿ ಹಳ್ಳಿ ಅಳೆಸಿ, ಪ್ರತಿ ಗದ್ದೆ ಎಷ್ಟು ‘ಕೊಕು’ ಕೊಡುತ್ತದೆಂದು ಬರೆಸಿದ. ಒಂದು ಕೊಕು ಸುಮಾರು 180 ಲೀಟರ್ ಅಕ್ಕಿ, ಒಬ್ಬ ಮನುಷ್ಯನ ವರ್ಷದ ಊಟ ಎಂಬ ಅಂದಾಜು. ತೊಕುಗವಾ ಕಾಲದಲ್ಲಿ 10,000 ಕೊಕು ಮೇಲಿದ್ದವನು ದೈಮ್ಯೊ. ಕಗಾದ ಮಎದಾ ಮನೆತನದ್ದು ಹತ್ತು ಲಕ್ಷಕ್ಕೂ ಮಿಗಿಲು. ಅಷ್ಟೊತ್ತಿಗೆ ಬಹುಪಾಲು ಸಮುರಾಯ್‌ಗಳನ್ನು ಹಳ್ಳಿಯಿಂದ ಎಬ್ಬಿಸಿ ಕೋಟೆಪಟ್ಟಣಕ್ಕೆ ತಂದು ಕೂರಿಸಿದ್ದರು. ಉಗ್ರಾಣದಿಂದ ಅಕ್ಕಿ ಸಂಬಳ. ಕನ್ನಡದ ಪದವನ್ನೇ ಹಿಡಿದು ಹೇಳಿದರೆ ಊಳಿಗ ಉಳಿಯಿತು, ಮಾನ್ಯ ಹೋಯಿತು. ಹೋಲಿಕೆ ಅಲ್ಲಿಗೆ ಮುರಿದುಬೀಳುತ್ತದೆ.

ರೈತರ ಪಾಡು ಎಲ್ಲಿ ವಾಸಿ?

ಯುರೋಪಿನ ಸರ್ಫ್ ಕಾನೂನಿನ ಪ್ರಕಾರವೇ ಕಟ್ಟುಬಿದ್ದವನು. ಮ್ಯಾನರ್ ಬಿಟ್ಟು ಹೋಗುವಂತಿಲ್ಲ. ಮಗಳ ಮದುವೆಗೆ ಒಡೆಯನಿಗೆ ಕಪ್ಪ. ಅಪ್ಪ ಸತ್ತರೆ ಕೊಟ್ಟಿಗೆಯ ಅತ್ಯುತ್ತಮ ದನ ಒಡೆಯನ ಪಾಲು. ಸೂತಕದ ಮನೆಯಿಂದ ಹಸು ಹೊಡೆದುಕೊಂಡು ಹೋಗುವುದನ್ನು ಕಣ್ಣಿಗೆ ತಂದುಕೊಳ್ಳಿ. ಜಪಾನಿನ ‘ಹ್ಯಕುಶೊ’ ಹೀಗೆ ಹುಟ್ಟಿನಿಂದ ಜೀತದವನಲ್ಲ, ಆದರೆ ತೆರಿಗೆಯ ಭಾರ ಕಡಿಮೆಯೇನಲ್ಲ. ಮುಂದೆ ತೊಕುಗವಾ ಕಾಲದಲ್ಲಿ ‘ಒಡೆಯನಿಗೆ ನಾಲ್ಕು, ರೈತನಿಗೆ ಆರು’ ಎಂಬುದು ಉದಾರ ಲೆಕ್ಕ. ಇಬ್ಬರಿಗೂ ಐದೈದು ಆಗುವುದೂ ಇತ್ತು.

ವಾಸಿ ಯಾವುದು ಅನ್ನುವುದಕ್ಕಿಂತ ಎದುರು ನಿಂತ ರೀತಿ ನೋಡುವುದು ನನಗಿಷ್ಟ. 1347ರಿಂದ ಪ್ಲೇಗ್ ಬಡಿದು ಆಳು ಸಿಗದ ಕಾಲದಲ್ಲಿ, 1351ರ ಕಾಯ್ದೆ ಇಂಗ್ಲೆಂಡಿನಲ್ಲಿ ಕೂಲಿ ಏರದಂತೆ ಕಟ್ಟಿಹಾಕಿತು. 1381ರಲ್ಲಿ ವಾಟ್ ಟೈಲರನ ಹಿಂದೆ ರೈತರು ಎದ್ದಾಗ ಹುಡುಕಿ ಹುಡುಕಿ ಸುಟ್ಟದ್ದು ಮ್ಯಾನರ್‌ಗಳ ಕಡತಗಳನ್ನು, ತಮ್ಮ ಜೀತ ಬರೆದಿಟ್ಟಿದ್ದ ಸುರುಳಿಗಳನ್ನು. ಜಪಾನಿನಲ್ಲಿ 1428ರಲ್ಲಿ ಕ್ಯೋಟೊ, ನಾರಾ ಸುತ್ತ ಎದ್ದವರು ಲೇವಾದೇವಿಗಾರರ ಸಾಲಪತ್ರ ಹರಿದರು. ನಾರಾ ಬಳಿಯ ಯಾಗ್ಯೂ ಊರಿನಲ್ಲಿ ಜಿಜೊ ದೇವರನ್ನು ಕೆತ್ತಿದ ಬಂಡೆಯ ಮೇಲೇ ರೈತರು ಕೊರೆದರು: ಈ ವರ್ಷಕ್ಕಿಂತ ಹಿಂದಿನ ಸಾಲ ನಮ್ಮ ನಾಲ್ಕು ಊರುಗಳಲ್ಲಿ ಇಲ್ಲ. ಅಲ್ಲಿ ಬರಹ ಸುಟ್ಟರು, ಇಲ್ಲಿ ಕಲ್ಲಲ್ಲಿ ಬರೆದರು. ಆ ಬಂಡೆ ಈಗಲೂ ಅಲ್ಲಿದೆ.

1488ರಲ್ಲಿ ಕಗಾ ಪ್ರಾಂತ್ಯದಲ್ಲಿ ಬೌದ್ಧ ಪಂಥವೊಂದರ ರೈತರು, ಸಣ್ಣ ಯೋಧರು ಸೇರಿ ಒಡೆಯನನ್ನೇ ಕೆಡವಿ ಸುಮಾರು 90 ವರ್ಷ ಆಳಿದರು. ಮುಂದಿನ ಕಾಲದ ಹಳ್ಳಿಗರು ಅಹವಾಲಿಗೆ ಸಹಿ ಹಾಕುವಾಗ ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ ದುಂಡಗೆ ಹೆಸರು ಬರೆಯುತ್ತಿದ್ದರು. ಮೊದಲು ಸಹಿ ಹಾಕಿದವನು ಯಾರೆಂದು ಯಾವ ಅಧಿಕಾರಿಗೂ ತಿಳಿಯಬಾರದಲ್ಲ.

ಹೆಣ್ಣುಮಕ್ಕಳಿಗೆ ಆಸ್ತಿ ಇತ್ತೇ?

ಇತ್ತು, ಮತ್ತು ಇಲ್ಲಿ ಕಮಕುರಾ ಜಪಾನ್ ಒಂದು ಹೆಜ್ಜೆ ಮುಂದಿತ್ತು. ಮಗಳಿಗೆ ಪಾಲು ಸಿಗುತ್ತಿತ್ತು, ಹೆಂಗಸರು ಜಿತೊಗಳಾಗಿದ್ದರು, ಮಕ್ಕಳಿಲ್ಲದ ಹೆಂಗಸು ದತ್ತು ತೆಗೆದುಕೊಂಡು ಆಸ್ತಿ ಬರೆಯಬಹುದೆಂದು 1232ರ ಕಟ್ಟಳೆಯೇ ಹೇಳುತ್ತದೆ. ಕವಯಿತ್ರಿ ಅಬುತ್ಸು ಸನ್ಯಾಸಿನಿ ಮಗನ ಪಾಲಿನ ಎಸ್ಟೇಟಿಗಾಗಿ ದಾವೆ ಹೂಡಲು 1279ರಲ್ಲಿ ಕ್ಯೋಟೊದಿಂದ ಕಮಕುರಾಕ್ಕೆ ಹೋದಳು. 1221ರ ಸಂಕಟದಲ್ಲಿ ಗೊಕೆನಿನ್‌ಗಳನ್ನು ಒಟ್ಟುಗೂಡಿಸಿದ್ದು ಯೊರಿತೊಮೊನ ವಿಧವೆ ಹೋಜೊ ಮಸಾಕೊ. ತೀರಿಹೋದ ಒಡೆಯನ ಉಪಕಾರ ಬೆಟ್ಟಕ್ಕಿಂತ ಎತ್ತರ, ಕಡಲಿಗಿಂತ ಆಳ ಎಂದು ಋಣ ನೆನಪಿಸಿದಳು.

ಯುರೋಪಿನಲ್ಲಿ ಅಕ್ವಿಟೇನಿನ ಎಲಿನಾರ್ ಅಂಥವಳು 1137ರಲ್ಲಿ ಇಡೀ ನಾಡಿಗೆ ವಾರಸುದಾರಳಾದಳು. ಆದರೆ ವಾರಸುದಾರಳ ಮದುವೆ ಯಾರೊಂದಿಗೆ ಎನ್ನುವುದು ಒಡೆಯನ ಕೈಯಲ್ಲಿತ್ತು, ಅದು ಅವನಿಗೊಂದು ಆದಾಯದ ಬಾಬತ್ತು. 14ನೇ ಶತಮಾನದ ಹೊತ್ತಿಗೆ ಜಪಾನಿನಲ್ಲೂ ಬಾಗಿಲು ಮುಚ್ಚತೊಡಗಿತು. ಹಂಚಿ ಹಂಚಿ ಜಮೀನು ಚೂರಾಯಿತು, ಒಬ್ಬನೇ ಮಗನಿಗೆ ಎಲ್ಲ ಎಂಬ ರೂಢಿ ಬಂತು, ಮಗಳಿಗೆ ಬದುಕಿರುವ ತನಕ ಮಾತ್ರ ಅನುಭೋಗ. ಒಂದು ವ್ಯತ್ಯಾಸ ಉಳಿಯಿತು: ಜಪಾನಿನಲ್ಲಿ ಮಗ ದಡ್ಡನಾದರೆ ಯೋಗ್ಯನನ್ನು ದತ್ತು ತಂದು ಮನೆ ಉಳಿಸುತ್ತಿದ್ದರು. ಯುರೋಪಿನಲ್ಲಿ ರಕ್ತವೇ ಬೇಕು. ವಂಶ ನಿಂತರೆ ಉಂಬಳಿ ಒಡೆಯನಿಗೆ ವಾಪಸು.

ಸಮುರಾಯ್‌ನ ಮುಖ್ಯ ಆಯುಧ ಕತ್ತಿ ಅಲ್ಲವೇ?

ಬಿಲ್ಲು. ಕುದುರೆ ಮೇಲಿಂದ ಬಾಣ ಬಿಡುವುದೇ ಅವನ ವಿದ್ಯೆ. ಯೋಧನ ಬದುಕಿಗೆ ಹಳೆಯ ಹೆಸರು ‘ಬಿಲ್ಲು ಕುದುರೆಗಳ ದಾರಿ’. ನೈಟ್‌ನದು ಕಂಕುಳಲ್ಲಿ ಅವುಚಿದ ಈಟಿ. ಇಬ್ಬರನ್ನೂ ಕೊನೆಗೆ ಕಾಲಾಳುಗಳೇ ಕೆಡವಿದರು: ಯುರೋಪಿನಲ್ಲಿ ಸ್ವಿಸ್ ರೈತರ ಉದ್ದ ಭರ್ಜಿ, 1346ರಲ್ಲಿ ಕ್ರೆಸಿಯ ಇಂಗ್ಲಿಷ್ ಬಿಲ್ಲು. ಜಪಾನಿನಲ್ಲಿ 1575ರ ನಗಶಿನೊ ಕಾಳಗದ ಬಂದೂಕು. 1588ರಲ್ಲಿ ಹಿದೆಯೊಶಿ ರೈತರ ಕತ್ತಿಗಳನ್ನೆಲ್ಲ ಜಪ್ತಿ ಮಾಡಿಸಿದ. ಕ್ಯೋಟೊದ ಮಹಾಬುದ್ಧನ ಮಂದಿರಕ್ಕೆ ಮೊಳೆ ಮಾಡಿಸುತ್ತೇವೆ, ನಿಮಗೆ ಪುಣ್ಯ ಎಂದು ಆಜ್ಞೆಯಲ್ಲೇ ಬರೆಸಿದ. ಸ್ವತಃ ಬಡ ಕುಟುಂಬದಿಂದ ಮೇಲೆ ಬಂದವನು, ತಾನು ಹತ್ತಿದ ಏಣಿಯನ್ನು ತಾನೇ ಒದ್ದ.

ಒಡೆಯನ ಹಿಂದೆ ಪ್ರಾಣ ಬಿಡುವುದು, ಬುಶಿದೊ, ಇದೆಲ್ಲ?

ಬುಶಿದೊ, ಅಂದರೆ ಯೋಧಧರ್ಮ, ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಯವಾದ ಆದರ್ಶದ ಬಹುಪಾಲು ಯುದ್ಧವಿಲ್ಲದ ಕಾಲದ್ದು. 1615ರ ನಂತರ ಎರಡು ಶತಮಾನಕ್ಕೂ ಹೆಚ್ಚು ಕಾಲ ದೊಡ್ಡ ಯುದ್ಧಗಳಿಲ್ಲ. ಕಚೇರಿಯಲ್ಲಿ ಲೆಕ್ಕ ಬರೆಯುವ ಸಮುರಾಯ್, ತಾನು ಯಾಕೆ ಸಮುರಾಯ್ ಎಂದು ತನಗೇ ಹೇಳಿಕೊಳ್ಳಬೇಕಾಯಿತು. ಹೊರಜಗತ್ತಿನಲ್ಲಿ ಆ ಪದವನ್ನು ಹರಡಿದ ನಿತೊಬೆ ಇನಜೊನ ಇಂಗ್ಲಿಷ್ ಪುಸ್ತಕ ಬಂದದ್ದಂತೂ 1900ರ ಹೊತ್ತಿಗೆ, ಸಮುರಾಯ್‌ಗಳೇ ಇಲ್ಲದ ಕಾಲದಲ್ಲಿ. ಯುರೋಪಿನ ನೈಟ್‌ಗಳ ಧರ್ಮವಾದ ಶಿವಲ್ರಿಯೂ ಇದಕ್ಕಿಂತ ಹೆಚ್ಚು ಪ್ರಾಮಾಣಿಕವಲ್ಲ. ಸಹನೈಟ್‌ಗಳಿಗೆ ತೋರಿದ ಸೌಜನ್ಯವನ್ನು ರೈತನ ಬಣವೆಗೆ ಬೆಂಕಿಯಿಡುವಾಗ ತೋರಲಿಲ್ಲ.

ಒಡೆಯ ಸತ್ತಾಗ ಜೊತೆಗೆ ಸಾಯುವ ‘ಜುಂಶಿ’ ಮಾತ್ರ ನಿಜ. 17ನೇ ಶತಮಾನದಲ್ಲಿ ಅದು ಎಷ್ಟು ಹೆಚ್ಚಿತೆಂದರೆ 1663ರಲ್ಲಿ ಶೋಗುನ್ ಸರ್ಕಾರವೇ ನಿಷೇಧಿಸಿತು. ಆತ್ಮಹತ್ಯೆ ಪಾಪವೆನ್ನುವ ಕ್ರೈಸ್ತ ಯುರೋಪಿನಲ್ಲಿ ಇದಕ್ಕೆ ಜೋಡಿಯಿಲ್ಲ. ಜೋಡಿ ಬೇಕಾದರೆ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲೊಂದು ಕಂಬವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಗರುಡನಾಗಿದ್ದ, ಅಂದರೆ ದೊರೆಯೊಂದಿಗೇ ಸಾಯುವ ಆಣೆಯಿಟ್ಟ ಅಂಗರಕ್ಷಕನಾಗಿದ್ದ, ಕುವರಲಕ್ಷ್ಮ ತನ್ನ ದೊರೆಯ ಹಿಂದೆಯೇ ಹೆಂಡತಿಯ ಸಮೇತ ಪ್ರಾಣ ಕೊಟ್ಟದ್ದಕ್ಕೆ ನಿಲ್ಲಿಸಿದ್ದು. ಕತ್ತಿಯಿಂದ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರು ಅದರ ಮೇಲಿದ್ದಾರೆ. ಪ್ರವಾಸಿಗಳು ಅದರ ಪಕ್ಕವೇ ಹಾದು ನಂದಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ.

ಹಾಗಾದರೆ ನಮ್ಮಲ್ಲೂ ಊಳಿಗಮಾನ್ಯ ಇತ್ತು ಅನ್ನೋಣವೇ?

ಕೆಲವು ಲಕ್ಷಣ ಇದ್ದವು. ಅನ್ನ ಹಾಕಿದವನ ಋಣ ತೀರಿಸುವ ‘ಜೋಳವಾಳಿ’, ಒಡೆಯನೊಂದಿಗೆ ಸಾಯುವ ‘ವೇಳೆವಾಳಿ’ ನಮ್ಮ ಹಳಗನ್ನಡದ್ದೇ ಪದಗಳು. ವಿಜಯನಗರದ ಅಮರನಾಯಕರು ಸೈನ್ಯ ಸಾಕುವ ಕರಾರಿಗೆ ಸೀಮೆ ಪಡೆದವರು. ಆದರೆ ಭಾರತದ ಮಟ್ಟಿಗೆ ಈ ಪದ ಹೊಂದುತ್ತದೆಯೇ ಎಂದು ಇತಿಹಾಸಕಾರರಾದ ರಾಮಶರಣ ಶರ್ಮ ಮತ್ತು ಹರ್ಬನ್ಸ್ ಮುಖಿಯಾ ಕಡೆಯವರು ದಶಕಗಟ್ಟಲೆ ವಾದಿಸಿದರು. ಅದಕ್ಕೆ ಬೇರೆಯದೇ ಬರಹ ಬೇಕು.

ಇತಿಹಾಸಕಾರರು ಈ ಪದವನ್ನೇ ಕೈಬಿಡಿ ಅನ್ನುತ್ತಿದ್ದಾರಂತೆ?

ಹೌದು. ಎಲಿಜಬೆತ್ ಬ್ರೌನ್ 1974ರಲ್ಲಿ, ಸೂಸನ್ ರೆನಲ್ಡ್ಸ್ 1994ರಲ್ಲಿ ಈ ವಾದ ಮಂಡಿಸಿದರು. ಮಧ್ಯಯುಗದವರು ಯಾರೂ ತಾವು ಒಂದು ಪದ್ಧತಿಯಲ್ಲಿದ್ದೇವೆ ಎಂದುಕೊಂಡಿರಲಿಲ್ಲ, ನಂತರದ ವಕೀಲರು ಕಟ್ಟಿದ ಚೌಕಟ್ಟು ಅದು ಎಂದು. ಯುರೋಪಿನ ಮಟ್ಟಿಗೆ ಮಾತು ಸರಿ. ತಮಾಷೆಯೆಂದರೆ ತೊಕುಗವಾ ಕಾಲದ ಜಪಾನೀ ಪಂಡಿತರು ತಮ್ಮ ವ್ಯವಸ್ಥೆಯನ್ನು ತಾವೇ ‘ಹೋಕೆನ್’ ಎಂದು ಕರೆದುಕೊಂಡಿದ್ದರು, ಅದೂ ಮಾನ್ಯ ಹೋಗಿ ಊಳಿಗ ಮಾತ್ರ ಉಳಿದಿದ್ದ ಕಾಲದಲ್ಲಿ.

ಎರಡೂ ಕಡೆ ಹೇಗೆ ಕೊನೆಯಾಯಿತು?

ಯುರೋಪಿನಲ್ಲಿ ಐದಾರು ಶತಮಾನ ಎಳೆಯಿತು. ಬಿಟ್ಟಿ ಚಾಕರಿ ಹೋಗಿ ನಗದು ಗೇಣಿ ಬಂತು, ನೈಟ್ ಬದಲು ಕೂಲಿ ಸೈನಿಕ ಬಂದ, ಹಕ್ಕುಗಳು ಮಾತ್ರ ಕಾಗದದಲ್ಲಿ ಉಳಿದವು. ಫ್ರಾನ್ಸಿನಲ್ಲಿ 1789ರ ಆಗಸ್ಟ್ 4ರ ರಾತ್ರಿ ಶ್ರೀಮಂತರೇ ಒಬ್ಬರ ಹಿಂದೆ ಒಬ್ಬರು ಎದ್ದು ತಮ್ಮ ಹಕ್ಕು ಬಿಟ್ಟುಕೊಟ್ಟರು. ಹಳ್ಳಿಗಳಲ್ಲಿ ಅಷ್ಟೊತ್ತಿಗೆ ಬಂಗಲೆಗಳು ಉರಿಯುತ್ತಿದ್ದವು ಎಂಬುದನ್ನು ಮರೆಯಬಾರದು.

ಜಪಾನಿನಲ್ಲಿ ಹತ್ತೇ ವರ್ಷ, ಅದನ್ನು ಮಾಡಿದವರು ಸಮುರಾಯ್‌ಗಳೇ. 1869ರಲ್ಲಿ ದೈಮ್ಯೊಗಳು ನಾಡಿನ ಕಡತಗಳನ್ನು ಚಕ್ರವರ್ತಿಗೆ ಒಪ್ಪಿಸಿದರು. 1871ರಲ್ಲಿ ಸಂಸ್ಥಾನಗಳು ರದ್ದು. 1873ರಲ್ಲಿ ರೈತನ ಮಗನೂ ಸೈನಿಕ. 1876ರಲ್ಲಿ ಕತ್ತಿ ಕಟ್ಟಿಕೊಂಡು ಬೀದಿಗೆ ಬರುವುದು ನಿಷೇಧ, ಅದೇ ವರ್ಷ ಅಕ್ಕಿ ಸಂಬಳ ನಿಂತು ಕೈಗೆ ಸರ್ಕಾರಿ ಬಾಂಡು. ಮರುವರ್ಷ ಸತ್ಸುಮಾದಲ್ಲಿ ಸೈಗೊ ತಕಮೊರಿಯ ಹಿಂದೆ ಎದ್ದವರನ್ನು ಅದೇ ರೈತಸೈನ್ಯ ಬಗ್ಗುಬಡಿಯಿತು. ಉಳಿದ ಎಷ್ಟೋ ಮಂದಿ ಬಾಂಡು ಮಾರಿ ಅಂಗಡಿ ಇಟ್ಟರು. ಗಿರಾಕಿಗೆ ತಲೆಬಾಗಿ ಅಭ್ಯಾಸವಿಲ್ಲ, ಚೌಕಾಸಿ ಬಾರದು, ಬಹಳ ಅಂಗಡಿಗಳು ಮುಚ್ಚಿದವು. ಗೊತ್ತಿಲ್ಲದ ವ್ಯಾಪಾರಕ್ಕೆ ಕೈಹಾಕಿ ಗಂಟು ಕಳೆದುಕೊಂಡವನನ್ನು ಕಂಡರೆ ಜಪಾನೀಯರು ಈಗಲೂ ‘ಸಮುರಾಯ್ ವ್ಯಾಪಾರ’ ಅನ್ನುತ್ತಾರೆ.